ಆಸ್ಕರ್ ಲೆಕ್ಕಾಚಾರ: ಸಿನಿಮಾ ಪ್ರೀತಿನಾ, ಕುದುರೆ ಜೂಜಾ?

ಡಿಸೆಂಬರ್ ಬಂತೆಂದರೆ ಸಿನಿಮಾ ಹುಚ್ಚಿರುವವರ ಬಾಯಲ್ಲಿ ಒಂದೇ ಮಾತು. ಯಾರು ಗೆಲ್ಲುತ್ತಾರೆ, ಯಾರನ್ನು ಕೈಬಿಡುತ್ತಾರೆ, ಯಾವ ಗಿಲ್ಡ್ (ಸಿನಿಮಾ ಕಸುಬಿನವರ ಸಂಘ) ಯಾರ ಕಡೆ ವಾಲಿದೆ. ಮಾರ್ಚ್‌ವರೆಗೂ ಇದೇ ಜಗಳ. ಈ ಜಗಳದಿಂದ ಸಿನಿಮಾ ನೋಡುವವರಿಗೆ ಲಾಭವಾ, ನಷ್ಟವಾ? ಹಳೇ ಗೆಳೆಯರಿಬ್ಬರು ಒಂದೊಂದು ಪಕ್ಷ ಹಿಡಿದು ಬರೆದಿದ್ದಾರೆ.

ಪರ: ಜಗಳ ಆಡುವವರೇ ಜಾಸ್ತಿ ಸಿನಿಮಾ ನೋಡುವುದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನನ್ನ ಹತ್ತಿರ ಒಂದು ಎಕ್ಸೆಲ್ ಶೀಟ್ ಇದೆ. ಅಡ್ಡಕ್ಕೆ ವಿಭಾಗಗಳು, ಉದ್ದಕ್ಕೆ ಸಿನಿಮಾಗಳು. ಗೆಲ್ಲುವಂತಿದ್ದರೆ ಹಸಿರು, ಅನುಮಾನ ಇದ್ದರೆ ಹಳದಿ, ಹೊರಬಿದ್ದರೆ ಬೂದು. ಮನೆಯವರು ನಾನು ಆಫೀಸ್ ಕೆಲಸ ಮಾಡುತ್ತಿದ್ದೇನೆ ಅಂದುಕೊಂಡಿದ್ದಾರೆ. ನಾನೂ ತಿದ್ದಲು ಹೋಗಿಲ್ಲ.

ಇದನ್ನು ನೋಡಿದವರೆಲ್ಲ ಕೇಳುವ ಪ್ರಶ್ನೆ ಒಂದೇ. ಕಲೆಯಲ್ಲಿ ಫಸ್ಟ್, ಸೆಕೆಂಡ್ ಅಂತ ಇರುತ್ತಾ? ಇರಲ್ಲ. ಅದು ನನಗೂ ಗೊತ್ತು, ಪ್ರತಿ ವರ್ಷ ವೋಟ್ ಹಾಕುವ ಆಸ್ಕರ್ ಕೊಡುವ ಅಕಾಡೆಮಿಯ ಸುಮಾರು ಹತ್ತು ಸಾವಿರ ಸದಸ್ಯರಿಗೂ ಗೊತ್ತಿರುತ್ತೆ. ಆದರೆ ಈ ರೇಸಿನ ನೆಪ ಇಲ್ಲದಿದ್ದರೆ ನಾನು ತಿರುಗಿಯೂ ನೋಡದಿದ್ದ ಸಿನಿಮಾಗಳ ಪಟ್ಟಿ ಇದೆಯಲ್ಲ, ಅದು ತುಂಬಾ ಉದ್ದ.

ಡ್ರೈವ್ ಮೈ ಕಾರ್ ತಗೊಳ್ಳಿ. ಮೂರು ಗಂಟೆಗೆ ಒಂದು ನಿಮಿಷ ಕಮ್ಮಿ. ಜಪಾನೀ ಭಾಷೆ. ಹೆಂಡತಿಯನ್ನು ಕಳೆದುಕೊಂಡ ನಾಟಕದ ನಿರ್ದೇಶಕ, ಅವನ ಕಾರು ಓಡಿಸುವ ಹುಡುಗಿ, ಚೆಕಾಫ್ ನಾಟಕದ ರಿಹರ್ಸಲ್. ಸಿನಿಮಾ ಶುರುವಾಗಿ ಸುಮಾರು ನಲವತ್ತು ನಿಮಿಷ ಆದಮೇಲೆ ಟೈಟಲ್ ಕಾರ್ಡ್ ಬರುತ್ತೆ! ಇದನ್ನು ರಜೆ ದಿನ ಕೂತು ನೋಡು ಅಂತ ಯಾರಾದರೂ ಹೇಳಿದ್ದರೆ ಹೂಂ ಅಂದು ಮರೆತುಬಿಡುತ್ತಿದ್ದೆ. ಆದರೆ 2021ರ ಕೊನೆಯಲ್ಲಿ ನ್ಯೂಯಾರ್ಕ್‌ನ ವಿಮರ್ಶಕರ ಬಳಗ, ಲಾಸ್ ಏಂಜಲೀಸ್‌ನ ಬಳಗ, ಆಮೇಲೆ ವಿಮರ್ಶಕರದ್ದೇ ಆದ ನ್ಯಾಷನಲ್ ಸೊಸೈಟಿ, ಮೂರೂ ಇದನ್ನೇ ವರ್ಷದ ಅತ್ಯುತ್ತಮ ಚಿತ್ರ ಅಂದವು. ಅಲ್ಲಿಂದ ನಮ್ಮ ಜಗಳ ಶುರು. ಇದು ಅತ್ಯುತ್ತಮ ಚಿತ್ರದ ಹತ್ತರ ಪಟ್ಟಿಗೆ ಬರುತ್ತಾ, ಇಲ್ಲ ವಿದೇಶಿ ಚಿತ್ರದ ವಿಭಾಗಕ್ಕೇ ನಿಲ್ಲುತ್ತಾ? ಬರಲ್ಲ ಅಂತ ನಾನು ಪಂದ್ಯ ಕಟ್ಟಿದೆ. ಪಂದ್ಯ ಕಟ್ಟಿದ ಮೇಲೆ ನೋಡದೆ ಇರೋಕಾಗುತ್ತಾ? ನೋಡಿದೆ. 2022ರ ಫೆಬ್ರವರಿಯಲ್ಲಿ ಅದಕ್ಕೆ ನಾಲ್ಕು ನಾಮಿನೇಷನ್ ಬಂತು, ಅತ್ಯುತ್ತಮ ಚಿತ್ರವೂ ಸೇರಿ. ನಾನು ಸೋತೆ. ಆ ಕೆಂಪು ಕಾರು ಮಾತ್ರ ಇನ್ನೂ ತಲೆಯಿಂದ ಹೋಗಿಲ್ಲ.

ಕೆಟ್ಟ ಕಾರಣಕ್ಕೆ ಒಳ್ಳೇ ಸಿನಿಮಾ ನೋಡಿದರೆ ಸಿನಿಮಾ ಕೆಟ್ಟು ಹೋಗುತ್ತಾ?

ಎರಡನೆಯದು, ಈ ಜಗಳದಿಂದ ಕಲಿಯುವುದು. ಶಬ್ದದ ವಿಷಯವನ್ನೇ ನೋಡಿ. 2020ರ ಸಮಾರಂಭದವರೆಗೆ ಶಬ್ದಕ್ಕೆ ಎರಡು ಆಸ್ಕರ್ ಇತ್ತು, ಸೌಂಡ್ ಎಡಿಟಿಂಗ್ ಒಂದು, ಸೌಂಡ್ ಮಿಕ್ಸಿಂಗ್ ಒಂದು. ಆ ವರ್ಷ ಮೊದಲನೆಯದು ಫೋರ್ಡ್ ವರ್ಸಸ್ ಫೆರಾರಿಗೆ ಹೋಯ್ತು, ಎರಡನೆಯದು 1917 ಚಿತ್ರಕ್ಕೆ. ಒಂದೇ ಕೆಲಸಕ್ಕೆ ಎರಡು ಪ್ರಶಸ್ತಿ ಯಾಕೆ ಅಂತ ನಾನು ಗೊಣಗುತ್ತಿದ್ದಾಗ ಬಿಡಿಸಿ ಹೇಳಿದವನು, ಈಗ ಇಲ್ಲಿ ನನ್ನ ವಿರುದ್ಧ ಬರೆಯುತ್ತಿರುವ ಇದೇ ಗೆಳೆಯ. ರೇಸ್ ಕಾರಿನ ಎಂಜಿನ್ ಗುಡುಗಬೇಕು, ಗೇರ್ ಬದಲಾದಾಗ ಬೇರೆ ಥರ ಕೂಗಬೇಕು, ಟೈರ್ ಉಜ್ಜಬೇಕು. ಇಂಥ ಒಂದೊಂದು ಸದ್ದನ್ನೂ ಹುಡುಕಿ, ರೆಕಾರ್ಡ್ ಮಾಡಿ, ಚಿತ್ರಕ್ಕೆ ಸರಿಯಾಗಿ ಕೂರಿಸುವುದು ಎಡಿಟಿಂಗ್. ಆಮೇಲೆ ಸದ್ದು, ಮಾತು, ಸಂಗೀತ ಮೂರರಲ್ಲಿ ಯಾವುದು ಯಾವಾಗ ಮುಂದೆ ಬರಬೇಕು, ಯಾವುದು ತಗ್ಗಬೇಕು ಅಂತ ತೂಗುವುದು ಮಿಕ್ಸಿಂಗ್. ಅವನು ಇದನ್ನು ಹೇಳಿದ ಮೇಲೆ ನಾನು 1917 ಚಿತ್ರವನ್ನು ಇನ್ನೊಮ್ಮೆ ನೋಡಿದೆ, ಹೆಚ್ಚುಕಮ್ಮಿ ಕಣ್ಣು ಮುಚ್ಚಿಕೊಂಡು. ಮರುವರ್ಷ ಅಕಾಡೆಮಿ ಎರಡನ್ನೂ ಸೇರಿಸಿ ಒಂದೇ ಮಾಡಿತು. ಅವನಿಗೆ ಸಿಟ್ಟು ಬಂದಿತ್ತು. ಶಬ್ದದ ವಿಭಾಗದಲ್ಲಿ ಅವನ ಊಹೆ ಇವತ್ತಿನವರೆಗೆ ತಪ್ಪಿದ್ದು ನನಗೆ ನೆನಪಿಲ್ಲ, ಅದಕ್ಕೇ ಹೇಳಿದೆ.

ಇನ್ನು ಲೆಕ್ಕ. ಬೇರೆ ವಿಭಾಗಗಳಲ್ಲಿ ಯಾರಿಗೆ ಜಾಸ್ತಿ ವೋಟೋ ಅವರು ಗೆದ್ದರು, ಅಷ್ಟೇ. ಅತ್ಯುತ್ತಮ ಚಿತ್ರಕ್ಕೆ ಮಾತ್ರ ಹಾಗಲ್ಲ. ಹತ್ತು ಸಿನಿಮಾಗಳನ್ನು ಒಂದರಿಂದ ಹತ್ತರವರೆಗೆ ಇಷ್ಟದ ಪ್ರಕಾರ ಬರೆಯಬೇಕು. ಮೊದಲ ಎಣಿಕೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಒಂದೇ ಚಿತ್ರವನ್ನು ಮೊದಲು ಬರೆದಿಲ್ಲ ಅಂದರೆ, ಕೊನೆಯಲ್ಲಿರುವ ಚಿತ್ರವನ್ನು ತೆಗೆದುಹಾಕಿ, ಅದರ ವೋಟುಗಳನ್ನು ಆ ಜನರ ಮುಂದಿನ ಆಯ್ಕೆಗೆ ಹಂಚುತ್ತಾರೆ. ಹೀಗೇ ಒಂದು ಚಿತ್ರ ಅರ್ಧ ದಾಟುವವರೆಗೆ. ಅಂದರೆ ಕೆಲವರು ತಲೆ ಮೇಲೆ ಹೊತ್ತು ಕುಣಿದು, ಇನ್ನು ಕೆಲವರು ಮೂಗು ಮುರಿಯುವ ಚಿತ್ರಕ್ಕಿಂತ, ಎಲ್ಲರೂ ಎರಡನೆಯದೋ ಮೂರನೆಯದೋ ಅಂತ ಬರೆಯುವ ಚಿತ್ರಕ್ಕೆ ಇಲ್ಲಿ ಅನುಕೂಲ. 2022ರಲ್ಲಿ ದಿ ಪವರ್ ಆಫ್ ದಿ ಡಾಗ್‌ಗೆ ಹನ್ನೆರಡು ನಾಮಿನೇಷನ್ ಇತ್ತು, ಕೋಡಾಗೆ ಬರೀ ಮೂರು. ಕೋಡಾ ಮೂರನ್ನೂ ಗೆದ್ದು ಅತ್ಯುತ್ತಮ ಚಿತ್ರ ಆಯ್ತು. ಇನ್ನೊಂದಕ್ಕೆ ನಿರ್ದೇಶನದ ಪ್ರಶಸ್ತಿ ಒಂದೇ ಸಿಕ್ಕಿದ್ದು. ಪತ್ರಿಕೆಗಳು ಅಚ್ಚರಿ ಅಂದವು. ನಿರ್ಮಾಪಕರ ಗಿಲ್ಡ್ ಕೂಡ ಇದೇ ಥರ ಎಣಿಸುತ್ತೆ, ಅದು ವಾರದ ಹಿಂದಷ್ಟೇ ಕೋಡಾಗೆ ಕೊಟ್ಟಿತ್ತು ಅಂತ ಗೊತ್ತಿದ್ದವರಿಗೆ ಅಚ್ಚರಿ ಆಗಲಿಲ್ಲ.

ಇದರಿಂದ ಏನು ಉಪಯೋಗ ಅಂತೀರಾ? 2023ರ ಜನವರಿ ನೆನಪಿಸಿಕೊಳ್ಳಿ. ಅಕಾಡೆಮಿ 301 ಚಿತ್ರಗಳ ಒಂದು ಪಟ್ಟಿ ಬಿಟ್ಟಿತು. ಅದರಲ್ಲಿ ಕಾಂತಾರ ಇತ್ತು, ವಿಕ್ರಾಂತ್ ರೋಣ ಇತ್ತು. ಆಸ್ಕರ್ ಅಂಗಳಕ್ಕೆ ಕನ್ನಡ ಸಿನಿಮಾ ಅಂತ ಏನು ಸಂಭ್ರಮ! ಅದು ಅರ್ಹತೆಯ ಪಟ್ಟಿ. ಅಮೆರಿಕದ ನಿಗದಿತ ಊರುಗಳಲ್ಲಿ ಒಂದರ ಚಿತ್ರಮಂದಿರದಲ್ಲಿ ಸತತ ಏಳು ದಿನ ಓಡಿ, ಅರ್ಜಿ ಹಾಕಿದ್ದರೆ ಆ ಪಟ್ಟಿಗೆ ಬರಬಹುದು. ನಾಮಿನೇಷನ್‌ಗೂ ಅದಕ್ಕೂ ಬಹಳ ದೂರ. ಆ ವಾರ ನನಗೆ ಬಂದ ಫಾರ್ವರ್ಡ್‌ಗಳಿಗೆಲ್ಲ ಉತ್ತರ ಬರೆದು ಬರೆದು ಬೆರಳು ನೋವು ಬಂತು. ಕನ್ನಡದ ಶತ್ರು ಅಂತಲೂ ಅನ್ನಿಸಿಕೊಂಡೆ. ಅರ್ಹತೆ, ಶಾರ್ಟ್‌ಲಿಸ್ಟ್ (ನಾಮಿನೇಷನ್‌ಗೆ ಮುಂಚೆ ಬರುವ ಆಯ್ದ ಪಟ್ಟಿ), ನಾಮಿನೇಷನ್ ಮೂರೂ ಬೇರೆ ಅಂತ ತಿಳಿದವರು ಇನ್ನಷ್ಟು ಜನ ಇದ್ದಿದ್ದರೆ ಪಾಪ ಅಭಿಮಾನಿಗಳು ಎರಡು ವಾರದ ನಂತರ ನಿರಾಸೆ ಪಡಬೇಕಿರಲಿಲ್ಲ. ಆ ವರ್ಷ ಆರ್‌ಆರ್‌ಆರ್ ಹಾಡು ಗೆಲ್ಲಬಹುದು ಅಂತ ನಂಬುವುದಕ್ಕೆ ಮಾತ್ರ ಗಟ್ಟಿ ಕಾರಣ ಇತ್ತು. ಡಿಸೆಂಬರ್‌ನ ಶಾರ್ಟ್‌ಲಿಸ್ಟ್‌ನಲ್ಲಿತ್ತು, ಜನವರಿಯಲ್ಲಿ ಗೋಲ್ಡನ್ ಗ್ಲೋಬ್ ಗೆದ್ದಿತ್ತು. ಮಾರ್ಚ್‌ನಲ್ಲಿ ಗೆದ್ದೇಬಿಟ್ಟಿತು.

ಇನ್ನೂ ಒಂದು ಜಗಳ ಹೇಳಲೇಬೇಕು, ನನಗೆ ತುಂಬಾ ಇಷ್ಟವಾದದ್ದು. 2021ರಲ್ಲಿ ಜೂಡಸ್ ಅಂಡ್ ದಿ ಬ್ಲ್ಯಾಕ್ ಮೆಸಾಯ ಚಿತ್ರದ ಇಬ್ಬರು ಮುಖ್ಯ ನಟರೂ, ಡ್ಯಾನಿಯಲ್ ಕಲೂಯಾ ಮತ್ತು ಲಕೀತ್ ಸ್ಟ್ಯಾನ್‌ಫೀಲ್ಡ್, ಪೋಷಕ ನಟ ವಿಭಾಗದಲ್ಲೇ ನಾಮಿನೇಟ್ ಆದರು. ಇಬ್ಬರೂ ಪೋಷಕರಾದರೆ ನಾಯಕ ಯಾರು? ಎಲ್ಲರೂ ನಕ್ಕರು. ನಗು ಮುಗಿದ ಮೇಲೆ ಒಳ್ಳೇ ಚರ್ಚೆ ಶುರುವಾಯ್ತು. ಕಥೆ ಯಾರದ್ದು? ದ್ರೋಹ ಬಗೆದವನದ್ದಾ, ದ್ರೋಹಕ್ಕೆ ಬಲಿಯಾದವನದ್ದಾ? ಕ್ಯಾಮೆರಾ ಯಾರ ಜೊತೆ ಮನೆಗೆ ಹೋಗುತ್ತೆ? ಯಾರ ಮುಖದ ಮೇಲೆ ಸಿನಿಮಾ ಮುಗಿಯುತ್ತೆ? ಎರಡು ದಿನ ಇದನ್ನೇ ಮಾತಾಡಿದೆವು. ಸಿನಿಮಾ ತರಗತಿಗೆ ದುಡ್ಡು ಕೊಟ್ಟು ಸೇರಿದ್ದರೂ ಇಷ್ಟು ಹೊತ್ತು ಯಾರೂ ಇದನ್ನು ಮಾತಾಡುತ್ತಿರಲಿಲ್ಲ.

ಪ್ರಚಾರ, ದುಡ್ಡು, ಲಾಬಿ ಅಂತ ಗೆಳೆಯ ಬರೆಯಬಹುದು. ಬರೆಯಲಿ. ಆದರೆ ಟು ಲೆಸ್ಲಿ ಕಥೆಯನ್ನೂ ಬರೆಯಲಿ. ಚಿತ್ರಮಂದಿರದಲ್ಲಿ ಸುಮಾರು 27 ಸಾವಿರ ಡಾಲರ್ ಮಾತ್ರ ಗಳಿಸಿದ್ದ ಪುಟ್ಟ ಸಿನಿಮಾ. ಬೇರೆ ನಟ ನಟಿಯರು ನೋಡಿ, ಮೆಚ್ಚಿ, ಇವಳ ನಟನೆ ನೋಡಿ ಅಂತ ಒಬ್ಬರಿಗೊಬ್ಬರು ಹೇಳುತ್ತಾ ಹೋಗಿ, 2023ರ ಜನವರಿಯಲ್ಲಿ ಆಂಡ್ರಿಯಾ ರೈಸ್‌ಬರೊಗೆ ನಾಮಿನೇಷನ್ ಬಂತು. ಹಾಗೆ ಹೇಳಿಕೊಂಡು ಹೋದ ರೀತಿ ನಿಯಮಕ್ಕೆ ಸರಿಯಾ ಅಂತ ಅಕಾಡೆಮಿ ವಿಚಾರಣೆಯನ್ನೂ ಮಾಡಿತು, ನಾಮಿನೇಷನ್ ಉಳಿಸಿತು. ಆ ಪಟ್ಟಿಯಿಂದ ಹೊರಗುಳಿದ ನಟಿ ಡ್ಯಾನಿಯಲ್ ಡೆಡ್‌ವೈಲರ್‌ಗೆ ಅನ್ಯಾಯ ಆಯ್ತು ಅನ್ನುವವರ ಮಾತಲ್ಲೂ ಹುರುಳಿದೆ. ಸರಿ, ಆ ಜಗಳದಿಂದ ನಾನು ಆ ಇಬ್ಬರ ಸಿನಿಮಾನೂ ನೋಡಿದೆ. ಎರಡೂ ನನ್ನ ಶೀಟ್‌ನಲ್ಲಿ ಮೊದಲು ಇರಲೇ ಇಲ್ಲ.

ಸೋತವರನ್ನು ನೆನಪಿಡುವುದೂ ನಾವೇ. 2006ರಲ್ಲಿ ಬ್ರೋಕ್‌ಬ್ಯಾಕ್ ಮೌಂಟನ್ ಬಿಟ್ಟು ಕ್ರ್ಯಾಶ್‌ಗೆ ಕೊಟ್ಟರಲ್ಲ ಅಂತ ಇವತ್ತಿಗೂ ಬೈಯುವವರು ಇದ್ದಾರೆ. ಆಗ ಪ್ರೈಮರಿ ಸ್ಕೂಲಲ್ಲಿ ಇದ್ದವರು ಕೂಡ ಬೈಯುತ್ತಾರೆ. ಬೈಯೋದಕ್ಕೆ ಮುಂಚೆ ಎರಡನ್ನೂ ನೋಡಿರುತ್ತಾರೆ. ಅಷ್ಟು ಸಾಕಲ್ವಾ?

ವಿರೋಧ: ಬೂದು ಬಣ್ಣ ಹಚ್ಚಿದ ಸಾಲುಗಳು

ಅವನ ಶೀಟ್‌ನಲ್ಲಿ ಕೆಲವು ವರ್ಷ ನನ್ನದೂ ಒಂದು ಕಾಲಂ ಇತ್ತು. ಅದನ್ನು ಅವನು ಬರೆದಿಲ್ಲ, ನಾನೇ ಹೇಳುತ್ತೇನೆ. ಬಿಟ್ಟಿದ್ದು 2021ರಲ್ಲಿ. ಬಿಡೋಕೆ ಕಾರಣ ಒಂದು ದೃಶ್ಯ.

ದಿ ಫಾದರ್ ನೋಡುತ್ತಿದ್ದೆ. ಕೊನೆಯ ಹತ್ತು ನಿಮಿಷ. ಮರೆವಿನ ಕಾಯಿಲೆಯ ಮುದುಕ, ತಾನು ಯಾರು ಅನ್ನೋದೇ ತಪ್ಪಿಹೋಗಿ, ಅಮ್ಮ ಬೇಕು ಅಂತ ಮಗುವಿನ ಥರ ಅಳುತ್ತಾನೆ. ಆಂಥೊನಿ ಹಾಪ್ಕಿನ್ಸ್. ನಮ್ಮ ಮನೆಯಲ್ಲಿ ಹಿರಿಯರೊಬ್ಬರನ್ನು ಹೀಗೆ ನೋಡಿದವನು ನಾನು. ಆ ಹೊತ್ತಲ್ಲಿ ನನ್ನ ತಲೆಯಲ್ಲಿ ಬಂದ ಮೊದಲ ಯೋಚನೆ ಏನು ಗೊತ್ತಾ? "ಓ, ಬೋಸ್‌ಮನ್‌ಗೆ ಈಗ ಕಷ್ಟ ಇದೆ." ಕಣ್ಣೀರು ಆಮೇಲೆ ಬಂತು. ಮೊದಲು ಬಂದಿದ್ದು ಲೆಕ್ಕ. ನನಗೆ ನಾಚಿಕೆ ಆಯ್ತು. ಶೀಟ್ ಮುಚ್ಚಿದೆ.

ಆ ವರ್ಷ ಮುಂದೆ ಆಗಿದ್ದು ಎಲ್ಲರಿಗೂ ಗೊತ್ತು. ಚಾಡ್ವಿಕ್ ಬೋಸ್‌ಮನ್ 2020ರ ಆಗಸ್ಟ್‌ನಲ್ಲಿ, 43ನೇ ವಯಸ್ಸಿಗೆ, ಕ್ಯಾನ್ಸರ್‌ನಿಂದ ತೀರಿಹೋಗಿದ್ದರು. ಕೊನೆಯ ಚಿತ್ರಕ್ಕೆ ನಾಮಿನೇಷನ್. ಗೋಲ್ಡನ್ ಗ್ಲೋಬ್ ಬಂತು, ನಟರ ಗಿಲ್ಡ್ ಪ್ರಶಸ್ತಿ ಬಂತು. ಆಸ್ಕರ್ ಸಮಾರಂಭದಲ್ಲಿ ಪ್ರತಿ ಸಲ ಅತ್ಯುತ್ತಮ ಚಿತ್ರ ಕೊನೆಗೆ. ಆ ಸಲ ಕ್ರಮ ಬದಲಿಸಿ ಅತ್ಯುತ್ತಮ ನಟನನ್ನು ಕೊನೆಗಿಟ್ಟರು. ಬೋಸ್‌ಮನ್ ಹೆಸರೇ ಬರುತ್ತೆ ಅಂತ ಎಲ್ಲರೂ ಕಾದರು. ಹಾಪ್ಕಿನ್ಸ್ ಹೆಸರು ಬಂತು. ಅವರು ಅಲ್ಲಿರಲಿಲ್ಲ, 83 ವಯಸ್ಸು, ವೇಲ್ಸ್‌ನಲ್ಲಿ ಮಲಗಿದ್ದರು. ಸಮಾರಂಭ ಅಲ್ಲಿಗೇ ದಡಕ್ಕನೆ ಮುಗಿಯಿತು. ಈಗ ಜನಕ್ಕೆ ನೆನಪಿರೋದು ಆ ಮುಜುಗರ. ತೀರಿಹೋದ ಒಬ್ಬನನ್ನೂ ಮಲಗಿದ್ದ ಒಬ್ಬ ಮುದುಕನನ್ನೂ ಓಟಕ್ಕೆ ಬಿಟ್ಟು, ದಡದಲ್ಲಿ ನಿಂತು ಕೂಗಿದವರು ನಾವು.

ಗೆಳೆಯ ಡ್ರೈವ್ ಮೈ ಕಾರ್ ಬಗ್ಗೆ ಚೆನ್ನಾಗಿ ಬರೆದಿದ್ದಾನೆ. ಪಂದ್ಯದ ನೆಪದಲ್ಲಾದರೂ ನೋಡಿದ, ಸಂತೋಷ. ನಾನು ಕೇಳೋದು ಪಂದ್ಯಕ್ಕೆ ಬರದ ಸಿನಿಮಾಗಳ ಬಗ್ಗೆ. ಕೊರಿಯಾದ ಬರ್ನಿಂಗ್ ಇದೆಯಲ್ಲ, 2018ರದ್ದು. ವಿದೇಶಿ ಚಿತ್ರದ ಒಂಬತ್ತರ ಶಾರ್ಟ್‌ಲಿಸ್ಟ್‌ವರೆಗೆ ಬಂತು, ಕೊರಿಯಾದ ಸಿನಿಮಾ ಅಲ್ಲಿಗೆ ಬಂದಿದ್ದು ಅದೇ ಮೊದಲು. 2019ರ ಜನವರಿಯಲ್ಲಿ ಐದರ ಪಟ್ಟಿ ಬಂದಾಗ ಅದು ಇರಲಿಲ್ಲ. ಶೀಟ್‌ನಲ್ಲಿ ಬೂದು ಬಣ್ಣ. ಮಾರನೇ ವರ್ಷ ಪ್ಯಾರಾಸೈಟ್ ಗೆದ್ದಾಗ, ಕೊರಿಯಾ ಸಿನಿಮಾ ಅಂದರೆ ಏನು ಅಂತ ನನಗೆ ಗಂಟೆಗಟ್ಟಲೆ ಪಾಠ ಮಾಡಿದ. ಬರ್ನಿಂಗ್ ನೋಡಿದೆಯಾ ಅಂತ ಕೇಳಿದೆ.

"ಇಲ್ಲ ಮಾರಾಯ, ಅದು ಲಿಸ್ಟ್‌ಗೆ ಬರಲಿಲ್ಲವಲ್ಲ."

ಇಷ್ಟೇ ನನ್ನ ತಕರಾರು. ಉಳಿದದ್ದೆಲ್ಲ ಇದರ ಬಾಲ. ಯಾರೋ ಹತ್ತು ಸಾವಿರ ಜನ ಮಾಡಿದ ಪಟ್ಟಿಯನ್ನು ನಾವು ನಮ್ಮ ನೋಡುವ ಪಟ್ಟಿ ಮಾಡಿಕೊಳ್ಳುತ್ತೇವೆ. ಪಟ್ಟಿ ದೊಡ್ಡದಾಗಿ ಕಾಣುತ್ತೆ, ಅದರ ಅಂಚಿನಲ್ಲಿ ಬಿದ್ದುಹೋದದ್ದು ಕಾಣಲ್ಲ. ಅವನು ಹೇಳಿದ ಟು ಲೆಸ್ಲಿ ಕಥೆಯೂ ಅದೇ ಅಲ್ವಾ? ನಾಮಿನೇಷನ್ ಬಂದ ಮೇಲೆ ನೋಡಿದ. ಬರದಿದ್ದರೆ?

ಇನ್ನು ಆ ಹತ್ತು ಸಾವಿರ ಜನ. 2025ರ ಏಪ್ರಿಲ್‌ನಲ್ಲಿ ಅಕಾಡೆಮಿ ಒಂದು ಹೊಸ ನಿಯಮ ತಂದಿತು. ಕೊನೇ ಸುತ್ತಿನಲ್ಲಿ ಒಂದು ವಿಭಾಗಕ್ಕೆ ವೋಟ್ ಹಾಕಬೇಕಾದರೆ ಆ ವಿಭಾಗದ ಎಲ್ಲ ಸಿನಿಮಾಗಳನ್ನೂ ನೋಡಿರಬೇಕು. ಇದನ್ನು ಓದಿ ನಾನು ನಕ್ಕುಬಿಟ್ಟೆ. ಮೊದಲ ಸಮಾರಂಭ ನಡೆದಿದ್ದು 1929ರಲ್ಲಿ. ತೊಂಬತ್ತಕ್ಕೂ ಜಾಸ್ತಿ ವರ್ಷ ಬಹುತೇಕ ವಿಭಾಗಗಳಲ್ಲಿ ನೋಡದೆಯೂ ವೋಟ್ ಹಾಕಬಹುದಿತ್ತು! ಆ ವೋಟುಗಳ ಎಣಿಕೆಯ ಮೇಲೆ ಇವನು ಹಸಿರು ಹಳದಿ ಬಣ್ಣ ಹಚ್ಚಿ, ಯಾಕೆ ಹೀಗಾಯ್ತು ಅಂತ ತರ್ಕ ಕಟ್ಟುತ್ತಿದ್ದ. ನಾನೂ ಕಟ್ಟುತ್ತಿದ್ದೆ, ಬಿಡಿ.

ಗೋಲ್ಡನ್ ಗ್ಲೋಬ್ ಇನ್ನೂ ಮಜಾ. ಅದನ್ನು ಕೊಡುತ್ತಿದ್ದದ್ದು ಹಾಲಿವುಡ್‌ನಲ್ಲಿದ್ದ ವಿದೇಶಿ ಪತ್ರಕರ್ತರ ಒಂದು ಸಂಘ, 2021ರಲ್ಲಿ ಅದರ ಸದಸ್ಯರು 87 ಜನ. ಅವರಲ್ಲಿ ಒಬ್ಬರೂ ಕಪ್ಪು ವರ್ಣೀಯರಿಲ್ಲ ಅಂತ ಪತ್ರಿಕೆಯೊಂದು ಬಯಲು ಮಾಡಿತು. 2022ರಲ್ಲಿ ಟೀವಿಯಲ್ಲಿ ಸಮಾರಂಭ ಪ್ರಸಾರವೇ ಆಗಲಿಲ್ಲ. 2023ರಲ್ಲಿ ಸಂಘವನ್ನೇ ಮುಚ್ಚಿದರು, ಪ್ರಶಸ್ತಿ ಬೇರೆಯವರ ಕೈಗೆ ಹೋಯ್ತು. ಆ 87 ಜನರಿಗೆ ಆಸ್ಕರ್ ವೋಟೂ ಇರಲಿಲ್ಲ. ಆದರೂ ಜನವರಿ ಬಂದರೆ ಅವರ ಆಯ್ಕೆಯ ಮೇಲೆ ನಾವು ಇಡೀ ರಾತ್ರಿ ಮಾತಾಡುತ್ತಿದ್ದೆವು.

ಇದಕ್ಕಿಂತ ನನಗೆ ಬೇಸರ ತರಿಸೋದು ಕಥೆ ಕಟ್ಟುವುದು. ಈ ಸೀಸನ್‌ನಲ್ಲಿ ನಟನೆಗಿಂತ ನಟನ ಸುತ್ತ ಕಟ್ಟಿದ ಕಥೆ ಜಾಸ್ತಿ ಓಡುತ್ತೆ. "ಇವರಿಗೆ ಎಂದೋ ಬರಬೇಕಿತ್ತು", "ಇದು ಕೊನೇ ಅವಕಾಶ", "ಎಷ್ಟು ತೂಕ ಇಳಿಸಿದ್ದಾರೆ ನೋಡಿ". 1993ರಲ್ಲಿ ಅಲ್ ಪಚಿನೊಗೆ ಕೊಟ್ಟಿದ್ದು ನೋಡಿ. ಅಲ್ಲಿಯವರೆಗೆ ಆರು ಸಲ ನಾಮಿನೇಟ್ ಆಗಿ ಬರಿಗೈಯಲ್ಲಿ ಹೋಗಿದ್ದರು, ಗಾಡ್‌ಫಾದರ್‌ಗೂ ಸಿಕ್ಕಿರಲಿಲ್ಲ. ಸೆಂಟ್ ಆಫ್ ಎ ವುಮನ್‌ಗೆ ಸಿಕ್ಕಿತು. ಆ ವರ್ಷ ಎದುರಿಗಿದ್ದವರಲ್ಲಿ ಡೆಂಝೆಲ್ ವಾಷಿಂಗ್ಟನ್ ಒಬ್ಬರು, ಮಾಲ್ಕಂ ಎಕ್ಸ್ ಪಾತ್ರಕ್ಕೆ. ಆ ಪಾತ್ರ ಇವತ್ತು ನೋಡಿದರೂ ಮೈ ಜುಮ್ಮೆನ್ನುತ್ತೆ. ಆಮೇಲೆ 2002ರಲ್ಲಿ ಡೆಂಝೆಲ್‌ಗೆ ನಾಯಕ ನಟ ಪ್ರಶಸ್ತಿ ಬಂತು, ಟ್ರೇನಿಂಗ್ ಡೇಗೆ. ಹಳೇ ಬಾಕಿ ತೀರಿಸಿದರು ಅಂತ ಅವತ್ತೂ ಹೇಳಿದರು. ಒಬ್ಬರ ಬಾಕಿ ತೀರಿಸೋಕೆ ಇನ್ನೊಬ್ಬರಿಗೆ ಸಾಲ ನಿಲ್ಲಿಸೋದು. ಇದರಲ್ಲಿ ಆ ವರ್ಷದ ಸಿನಿಮಾ ಎಲ್ಲಿದೆ?

ಅಭಿಮಾನಿಗಳು ಈ ಕಥೆಗಳನ್ನು ಹೊತ್ತು ತಿರುಗುತ್ತಾರೆ. ಅದರ ಜೊತೆ ದ್ವೇಷವನ್ನೂ. 2024ರಲ್ಲಿ ಲಿಲಿ ಗ್ಲ್ಯಾಡ್‌ಸ್ಟನ್ ಮತ್ತು ಎಮ್ಮಾ ಸ್ಟೋನ್. ನಾಯಕಿ ವಿಭಾಗದಲ್ಲಿ ನಾಮಿನೇಟ್ ಆದ ಅಮೆರಿಕದ ಮೊದಲ ಮೂಲನಿವಾಸಿ ಗ್ಲ್ಯಾಡ್‌ಸ್ಟನ್. ಕಿಲ್ಲರ್ಸ್ ಆಫ್ ದಿ ಫ್ಲವರ್ ಮೂನ್‌ನಲ್ಲಿ ಅವಳ ನಟನೆ ಹೆಚ್ಚುಕಮ್ಮಿ ಮೌನದಲ್ಲೇ ಇದೆ, ಕಣ್ಣು ಸ್ವಲ್ಪ ಕಿರಿದು ಮಾಡಿದರೆ ಸಾಕು, ಒಂದು ಪುಟದ ಮಾತು ಹೇಳಿದಂತೆ. ಸ್ಟೋನ್ ಪೂರ್ ಥಿಂಗ್ಸ್‌ನಲ್ಲಿ ಇದಕ್ಕೆ ಪೂರ್ತಿ ಉಲ್ಟಾ, ನಡಿಗೆಯಿಂದ ಹಿಡಿದು ವ್ಯಾಕರಣದವರೆಗೆ ಪಾತ್ರ ಬೆಳೆಯುತ್ತಾ ಹೋಗುತ್ತೆ. ಎರಡನ್ನೂ ಪಕ್ಕಪಕ್ಕ ಇಟ್ಟು ಮಾತಾಡಿದರೆ ಎಷ್ಟು ಚೆಂದ! ನಟರ ಗಿಲ್ಡ್ ಒಬ್ಬರಿಗೆ ಕೊಟ್ಟಿತು, ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಇನ್ನೊಬ್ಬರಿಗೆ. ಅಲ್ಲಿಂದ ಮಾತೆಲ್ಲ ಕೆಟ್ಟಿತು. ಒಂದು ಪಾರ್ಟಿಯವರಿಗೆ ಗ್ಲ್ಯಾಡ್‌ಸ್ಟನ್ ಪಾತ್ರ ನಾಯಕಿಯದ್ದೇ ಅಲ್ಲ, ಇನ್ನೊಂದು ಪಾರ್ಟಿಯವರಿಗೆ ಸ್ಟೋನ್ ಬರೀ ಗದ್ದಲ. ಸ್ಟೋನ್ ಗೆದ್ದರು. ಆ ತಿಂಗಳು ನನ್ನ ಪರಿಚಯದವರೊಬ್ಬರು, ಎರಡೂ ಸಿನಿಮಾ ಇಷ್ಟಪಟ್ಟವರು, ಇಷ್ಟ ಅಂತ ಹೇಳೋಕೇ ಹೆದರುತ್ತಿದ್ದರು. ಜಗಳದಿಂದ ಕಲಿಯುತ್ತೇವೆ ಅಂತ ಗೆಳೆಯ ಬರೆದಿದ್ದಾನೆ. ಅವನು ನಾಲ್ಕು ಜನರ ಜೊತೆ ಜಗಳ ಆಡುತ್ತಾನೆ, ಎಲ್ಲರೂ ಪರಿಚಯದವರು. ಹೊರಗೆ ನಡೆಯೋದು ಬೇರೆ.

ಮುಂದಿರುವ ಚಿತ್ರದ ಮೇಲೆ ಮುನಿಸಿಕೊಳ್ಳುವುದು ಇನ್ನೊಂದು ರೋಗ. ಲಾ ಲಾ ಲ್ಯಾಂಡ್ 2016ರ ವೆನಿಸ್ ಉತ್ಸವದಲ್ಲಿ ಬಂದಾಗ ಎಲ್ಲರಿಗೂ ಮುದ್ದು. ಜನವರಿಯಲ್ಲಿ 14 ನಾಮಿನೇಷನ್ ಬಂದಿದ್ದೇ ತಡ, ಅದರ ಹಾಡು ಸರಿಯಿಲ್ಲ, ಕುಣಿತ ಸರಿಯಿಲ್ಲ, ಹೀರೋ ಸರಿಯಿಲ್ಲ. ಐದು ತಿಂಗಳಲ್ಲಿ ಸಿನಿಮಾದ ಒಂದು ಫ್ರೇಮೂ ಬದಲಾಗಿರಲಿಲ್ಲ. ಆಮೇಲೆ ಆ ಲಕೋಟೆಯ ಅವಾಂತರ. ತಪ್ಪು ಹೆಸರು ಓದಿ, ವೇದಿಕೆ ಹತ್ತಿದವರನ್ನು ಇಳಿಸಿ, ಮೂನ್‌ಲೈಟ್‌ಗೆ ಕೊಟ್ಟರು. ಮೂನ್‌ಲೈಟ್ ಅಂದ ತಕ್ಷಣ ನಿಮಗೆ ಏನು ನೆನಪಾಯ್ತು, ಪ್ರಾಮಾಣಿಕವಾಗಿ ಹೇಳಿ. ಸಮುದ್ರದಲ್ಲಿ ಹುಡುಗನಿಗೆ ಈಜು ಕಲಿಸುವ ದೃಶ್ಯವಾ, ಲಕೋಟೆಯಾ?

ನಮ್ಮ ದೇಶದ ಕಡೆಯೂ ಇದೇ. 2024ರಲ್ಲಿ ಕಾನ್ ಉತ್ಸವದ ಗ್ರ್ಯಾಂಡ್ ಪ್ರಿ ಗೆದ್ದ ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್ ಬಿಟ್ಟು ಲಾಪತಾ ಲೇಡೀಸ್ ಅನ್ನು ಭಾರತದ ಪರವಾಗಿ ಆಸ್ಕರ್‌ಗೆ ಕಳಿಸಿದರು. ಕಳಿಸಿದ್ದು ತಪ್ಪು ಅಂತ ತಿಂಗಳುಗಟ್ಟಲೆ ಚರ್ಚೆ. ಲಾಪತಾ ಲೇಡೀಸ್ ಹದಿನೈದರ ಶಾರ್ಟ್‌ಲಿಸ್ಟ್‌ಗೂ ಬರಲಿಲ್ಲ ಅಂತ ಡಿಸೆಂಬರ್‌ನಲ್ಲಿ ಮತ್ತೆ ಚರ್ಚೆ. ಸಮಿತಿಯನ್ನು ಬೈದವರಿಗೆ ಲೆಕ್ಕವಿಲ್ಲ. ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್‌ನ ಇಬ್ಬರು ನರ್ಸ್‌ಗಳ ಬಗ್ಗೆ, ಜರ್ಮನಿಯಿಂದ ಬಂದ ಆ ರೈಸ್ ಕುಕ್ಕರ್ ಬಗ್ಗೆ ನನ್ನ ಜೊತೆ ಮಾತಾಡಿದವರು ಇಬ್ಬರು. ಒಬ್ಬರು ನನ್ನ ಅಕ್ಕ, ಅವರಿಗೆ ಆಸ್ಕರ್ ಯಾವ ತಿಂಗಳು ಅಂತಲೂ ಗೊತ್ತಿಲ್ಲ.

ಕಾಲವೇ ನಿಜವಾದ ತೀರ್ಪು ಅಂತೆಲ್ಲ ದೊಡ್ಡ ಮಾತು ಆಡಲ್ಲ, ಕಾಲವೂ ಎಷ್ಟೋ ಸಿನಿಮಾಗಳನ್ನು ನುಂಗಿ ಹಾಕಿದೆ. ಆದರೂ ಒಂದು ಉದಾಹರಣೆ. 1958ರ ವರ್ಟಿಗೊಗೆ ಎರಡು ಸಣ್ಣ ವಿಭಾಗದಲ್ಲಿ ನಾಮಿನೇಷನ್, ಗೆಲುವು ಸೊನ್ನೆ. ಆ ವರ್ಷ ಝಿಝಿ ಒಂಬತ್ತಕ್ಕೆ ನಾಮಿನೇಟ್ ಆಗಿ ಒಂಬತ್ತನ್ನೂ ಬಾಚಿಕೊಂಡಿತ್ತು. 2012ರಲ್ಲಿ ಸೈಟ್ ಅಂಡ್ ಸೌಂಡ್ ಪತ್ರಿಕೆ ವಿಮರ್ಶಕರನ್ನು ಕೇಳಿದಾಗ ಎಲ್ಲ ಕಾಲದ ಶ್ರೇಷ್ಠ ಚಿತ್ರ ಅಂತ ವರ್ಟಿಗೊ ಬಂತು. 2022ರಲ್ಲಿ ಆ ಜಾಗಕ್ಕೆ ಬಂದ ಝಾನ್ ಡೀಲ್ಮನ್ ಆಸ್ಕರ್‌ನ ಹತ್ತಿರವೂ ಸುಳಿದಿರಲಿಲ್ಲ. ಗೆಳೆಯನ ಶೀಟ್ 1959ರಲ್ಲಿ ಇದ್ದಿದ್ದರೆ ವರ್ಟಿಗೊ ಸಾಲು ಯಾವ ಬಣ್ಣದಲ್ಲಿರುತ್ತಿತ್ತು ಅಂತ ಬೇರೆ ಹೇಳಬೇಕಾ?

ಅವನ ಒಂದು ಮಾತು ಒಪ್ಪುತ್ತೇನೆ. ಶಬ್ದದ ಬಗ್ಗೆ ನಾವು ಮಾತಾಡಿದ ಆ ಸಂಜೆ ಚೆನ್ನಾಗಿತ್ತು. ಅವನು 1917 ಚಿತ್ರವನ್ನು ಕಣ್ಣು ಮುಚ್ಚಿಕೊಂಡು ಕೇಳಿದ್ದು ನನಗೆ ಇವತ್ತೇ ಗೊತ್ತಾಗಿದ್ದು. ಅದಕ್ಕೆ ಪ್ರಶಸ್ತಿ ಬೇಕಿತ್ತಾ ಅಂತ ಕೇಳಿದರೆ, ಬೇಕಿರಲಿಲ್ಲ ಅಂತ ನಾನು ಬರೆಯಬೇಕು. ಆದರೆ ಆ ಪ್ರಶಸ್ತಿ ಇಲ್ಲದಿದ್ದರೆ ಆ ಮಾತು ಬರುತ್ತಿತ್ತಾ? ಗೊತ್ತಿಲ್ಲಪ್ಪ. ಈ ಪ್ರಶ್ನೆ ನನಗೆ ಸ್ವಲ್ಪ ಇರಿಸುಮುರಿಸು ಮಾಡುತ್ತಿದೆ.

ಇದನ್ನು ಬರೆದು ಕಳಿಸುವ ಹೊತ್ತಿಗೆ ಈ ವರ್ಷದ ಶೀಟ್ ಕಳಿಸಿದ್ದಾನೆ, ನನ್ನ ಹೆಸರಿನ ಕಾಲಂ ಖಾಲಿ ಬಿಟ್ಟು. ತೆರೆದು ನೋಡಿದೆ. ಬರ್ನಿಂಗ್ ನೋಡಿದೆ ಅಂತ ಮೂಲೆಯಲ್ಲಿ ಒಂದು ಟಿಪ್ಪಣಿ ಹಾಕಿದ್ದಾನೆ, ಹೇಗಿತ್ತು ಅಂತ ಬರೆದಿಲ್ಲ. ಉಳಿದದ್ದು ಎಂದಿನ ಥರ, ಹಸಿರು, ಹಳದಿ, ಬೂದು. ಶಬ್ದದ ವಿಭಾಗದಲ್ಲಿ ಅವನ ಊಹೆ ತಪ್ಪಿದೆ. ನಾನು ಹೇಳಲ್ಲ.